‘ಫೋರ್ ಇನ್ ಒನ್’ ಕೋಚಿಂಗ್: 74 ಸಾವಿರಕ್ಕೆ ಸಿಕ್ಕಿದ್ದೇನು

ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಎರಡು ಫಿಸಿಕ್ಸ್ ಸರ್‌ಗೆ, ಉಳಿದ ಅರ್ಧ ಭಾನುವಾರದ ಟೆಸ್ಟಿಗೆ. ಮಿಕ್ಕಿದ್ದಕ್ಕೆಲ್ಲ ಸೊನ್ನೆ.

ಸೆಂಟರಿನ ಹೆಸರು ಹಾಕುವುದಿಲ್ಲ. ಹಾಕಿದರೂ ಏನೂ ಉಪಯೋಗವಿಲ್ಲ ಬಿಡಿ, ಯಾಕೆಂದರೆ ಇದೇ ಪ್ಯಾಕೇಜು ಬೇರೆ ಬೇರೆ ಬೋರ್ಡಿನ ಕೆಳಗೆ ಎಲ್ಲಾ ಊರಲ್ಲೂ ಇದೆ. ‘ಇಂಟಿಗ್ರೇಟೆಡ್’ ಅಂತಲೋ ‘ಫೋರ್ ಇನ್ ಒನ್’ ಅಂತಲೋ ಬ್ಯಾನರ್ ಇರುತ್ತದೆ, ಅದರ ಮೇಲೆ ಹೋದ ವರ್ಷದ ರ‍್ಯಾಂಕಿನವರ ಪಾಸ್‌ಪೋರ್ಟ್ ಫೋಟೋಗಳು, ಕೆಳಗೆ ಬೋರ್ಡ್ + ಸಿಇಟಿ + ಜೆಇಇ + ನೀಟ್. ಕಾಮೆಡ್-ಕೆ ‘ಫ್ರೀ’. (ಬೋರ್ಡ್ ಅಂದರೆ ಪಿಯು ಪರೀಕ್ಷೆ. ಸಿಇಟಿ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ, ಜೆಇಇ ಎನ್ಐಟಿ, ಐಐಟಿಯಂಥ ಕೇಂದ್ರದ ಇಂಜಿನಿಯರಿಂಗ್ ಕಾಲೇಜುಗಳದ್ದು, ನೀಟ್ ಡಾಕ್ಟರ್ ಓದಿಗೆ, ಕಾಮೆಡ್-ಕೆ ರಾಜ್ಯದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳದ್ದು.) ಸೆಕೆಂಡ್ ಪಿಯು ಮಕ್ಕಳಿರುವ ಮನೆಯವರು ಸೇರಿಸುವ ಮೊದಲು ಇದನ್ನು ಒಮ್ಮೆ ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಸೇರಿದ್ದು 2024ರ ಜೂನ್‌ನಲ್ಲಿ, ದಾವಣಗೆರೆಯಲ್ಲಿ. ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ. ನಮ್ಮೂರು ಚನ್ನಗಿರಿ ಕಡೆ ಒಂದು ಹಳ್ಳಿ, ಹತ್ತನೇ ತರಗತಿವರೆಗೂ ಅಲ್ಲೇ, ಕನ್ನಡ ಮೀಡಿಯಂ. ಪಿಸಿಎಂಬಿ ಯಾಕೆ ತಗೊಂಡೆ ಅಂದರೆ, ನಮ್ಮ ಕಡೆ ಎಲ್ಲರೂ ಹೇಳುವ ಕಾರಣವೇ. ಡಾಕ್ಟರೂ ಆಗಬಹುದು, ಇಂಜಿನಿಯರೂ ಆಗಬಹುದು, ಯಾವುದೂ ಆಗದಿದ್ದರೆ ಬಿಎಸ್ಸಿ ಅಗ್ರಿ ಇದೆ. ಬಾಗಿಲು ಒಂದೂ ಮುಚ್ಚಬಾರದು ಅಂತ. ನಾಲ್ಕು ಬಾಗಿಲನ್ನೂ ಒಬ್ಬಳೇ ಹಿಡಿದುಕೊಂಡು ನಿಂತರೆ ಯಾವುದರೊಳಗೂ ಹೋಗೋಕೆ ಆಗಲ್ಲ ಅನ್ನುವುದು ಗೊತ್ತಾಗೋಕೆ ನವೆಂಬರ್ ಬೇಕಾಯಿತು.

ಫೀಸು 74 ಸಾವಿರ, ಎರಡು ಕಂತು. ಅಪ್ಪಾಜಿ ಅಡಿಕೆ ಮಾರಿದ ದುಡ್ಡಿನಲ್ಲಿ ಮೊದಲನೇ ಕಂತು ಕಟ್ಟಿದರು. ಸೇರಿಸುವ ದಿನ ಆಫೀಸಿನಲ್ಲಿ ಕೂತಿದ್ದವರು ಹೇಳಿದ ಮಾತು ಇವತ್ತಿಗೂ ನೆನಪಿದೆ: ‘ಜೆಇಇ ಲೆವೆಲ್ಲಿಗೆ ಓದಿಸ್ತೀವಿ ಸರ್, ಸಿಇಟಿ ಅದರೊಳಗೇ ಬಂದುಬಿಡುತ್ತೆ. ಬೋರ್ಡ್ ಅಂತೂ ಲೆಕ್ಕಕ್ಕೇ ಇಲ್ಲ.’ ಅಪ್ಪಾಜಿ ತಲೆ ಆಡಿಸಿದರು. ನಾನೂ ಆಡಿಸಿದೆ. ದೊಡ್ಡ ಪಾತ್ರೆಯಲ್ಲಿ ಸಣ್ಣ ಪಾತ್ರೆ ಹಿಡಿಸುತ್ತಲ್ವಾ ಅಂತ ಅಂದುಕೊಂಡೆ.

ಈ ವಿಮರ್ಶೆ ನಿಜ ಹೇಳಬೇಕೆಂದರೆ ಆ ಒಂದು ಮಾತಿನದು.

ಮೊದಲು ಪರೀಕ್ಷೆಗಳನ್ನೇ ನೋಡಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ಉತ್ತರ ಗುರುತಿಸುವ ಒಎಂಆರ್ ಶೀಟಿನಲ್ಲಿ ಸೊನ್ನೆ ತುಂಬುವ ಸಮಯವೂ ಇದರಲ್ಲೇ ಸೇರಿತು. ನೆಗೆಟಿವ್ ಮಾರ್ಕ್ಸ್ ಇಲ್ಲ. ಜೆಇಇ ಮೇನ್‌ನಲ್ಲಿ ಮೂರೂ ವಿಷಯ ಸೇರಿ 75 ಪ್ರಶ್ನೆ, 3 ಗಂಟೆ, ಪ್ರಶ್ನೆಗೆ 144 ಸೆಕೆಂಡು. ಸರಿಯಾದರೆ 4, ತಪ್ಪಾದರೆ 1 ಕಳೆಯುತ್ತಾರೆ. ಕಾಮೆಡ್-ಕೆಯಲ್ಲಿ 180 ಪ್ರಶ್ನೆ, 180 ನಿಮಿಷ, ಕಂಪ್ಯೂಟರಿನಲ್ಲಿ, ನೆಗೆಟಿವ್ ಇಲ್ಲ. ಪ್ರಶ್ನೆಗೆ ಒಂದೇ ನಿಮಿಷ.

ಈ ಮೂರೂ ಒಂದೇ ಓಟದ ಪಂದ್ಯ ಅಲ್ಲ. ಜೆಇಇಗೆ ತಯಾರಾಗುವವರು ಕಲಿಯುವ ಮೊದಲ ಪಾಠವೇ ‘ಗೊತ್ತಿಲ್ಲದಿದ್ದರೆ ಬಿಡು’. ಸಿಇಟಿಯಲ್ಲಿ ಬಿಟ್ಟವರು ಕೆಟ್ಟರು. ಮೂರು ತಿಂಗಳು ಆ ಬಿಡುವ ಅಭ್ಯಾಸ ಮಾಡಿಕೊಂಡು ನಾನು ಮೊದಲ ಸಿಇಟಿ ಮಾಕ್ (ಅಣಕು ಪರೀಕ್ಷೆ) ಬರೆದಾಗ ಗಣಿತದಲ್ಲಿ 17 ಪ್ರಶ್ನೆ ಖಾಲಿ ಬಿಟ್ಟು ಬಂದಿದ್ದೆ. ಖಾಲಿ! ಸುಮ್ನೆ ‘ಬಿ’ ಅಂತ ತುಂಬಿದ್ದರೂ ನಾಲ್ಕು ಮಾರ್ಕ್ಸ್ ಬರುತ್ತಿತ್ತೇನೋ. ಒಂದು ಪ್ರಶ್ನೆ ಹಿಡಿದು ಮೂರು ನಿಮಿಷ ಅಗೆಯುವ ಚಟ ಬೇರೆ. ಬುದ್ಧಿ ಜಾಸ್ತಿ ಆಗಿತ್ತು, ಕೈ ನಿಧಾನ ಆಗಿತ್ತು.

ಇನ್ನು ನೀಟ್. 180 ಪ್ರಶ್ನೆ, 720 ಮಾರ್ಕ್ಸ್, ಅದರಲ್ಲಿ ಅರ್ಧ ಬಯಾಲಜಿ. ಗಣಿತ ಇಲ್ಲವೇ ಇಲ್ಲ. ಜೆಇಇ, ನೀಟ್ ಎರಡನ್ನೂ ಒಂದೇ ಬ್ಯಾಚಿನಲ್ಲಿ ಕಲಿಸುತ್ತೇವೆ ಅಂದರೆ ಅರ್ಥ ಇಷ್ಟೇ: ಒಂದು ಗುಂಪಿಗೆ ಪಾಠ ನಡೆಯುವಾಗ ಇನ್ನೊಂದು ಗುಂಪು ಹಿಂದಿನ ಬೆಂಚಿನಲ್ಲಿ ಪ್ರಾಕ್ಟಿಕಲ್ ರೆಕಾರ್ಡ್ ಬರೆಯುತ್ತಿರುತ್ತದೆ. ನಾನೂ ಬರೆದಿದ್ದೇನೆ. ಅದೊಂದು ಅನುಕೂಲ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ.

ದಿನ ಹೇಗಿತ್ತು ಅಂದರೆ, ಬೆಳಿಗ್ಗೆ 9ಕ್ಕೆ ಕಾಲೇಜು, 3.30ಕ್ಕೆ ಬಿಡುತ್ತಿತ್ತು. 4.30ಕ್ಕೆ ಸೆಂಟರ್, ರಾತ್ರಿ 8ರವರೆಗೆ. ಪಿಜಿಗೆ ಬಂದು ಊಟ ಮಾಡಿ ಕೂತರೆ ಒಂಬತ್ತೂವರೆ. ಆಗ ಶುರುವಾಗುತ್ತಿತ್ತು ಕಾಲೇಜಿನ ಕೆಲಸ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರಕ್ಕೂ ಪ್ರಾಕ್ಟಿಕಲ್ 30 ಮಾರ್ಕ್ಸ್, ಥಿಯರಿ 70. ಗಣಿತಕ್ಕೆ, ಭಾಷೆಗಳಿಗೆ 20 ಇಂಟರ್ನಲ್. ಈ ಮಾರ್ಕ್ಸ್ ಸುಮ್ನೆ ಬರಲ್ಲ. ರೆಕಾರ್ಡ್ ಬರೆಯಬೇಕು, ಅಸೈನ್‌ಮೆಂಟ್ ಕೊಡಬೇಕು, ಕಿರುಪರೀಕ್ಷೆ ಬರೆಯಬೇಕು, ಬಯಾಲಜಿಯ ಚಿತ್ರ ಬಿಡಿಸಬೇಕು. ಸೆಂಟರಿನವರಿಗೆ ಇದು ಯಾವುದೂ ಕಾಣಿಸುವುದಿಲ್ಲ. ನಾಳೆ ಕಾಲೇಜಿನಲ್ಲಿ ಟೆಸ್ಟ್ ಇದೆ ಸರ್ ಅಂದರೆ, ‘ಅದೇನು ಬಿಡಮ್ಮ, ಹಿಂದಿನ ದಿನ ಓದಿದ್ರೆ ಸಾಕು’ ಅನ್ನುತ್ತಿದ್ದರು. ಹಿಂದಿನ ದಿನ ಅಂದರೆ ಇವತ್ತೇ, ಇವತ್ತು ನಾನು ನಿಮ್ಮ ಕ್ಲಾಸಿನಲ್ಲೇ ಕೂತಿದ್ದೀನಿ ಅಂತ ಹೇಳೋಕೆ ಬಾಯಿ ಬರಲಿಲ್ಲ.

ಕನ್ನಡ ಮೀಡಿಯಂನಿಂದ ಬಂದವರಿಗೆ ಇನ್ನೊಂದು ಹೊರೆ ಇರುತ್ತದೆ. ಸಂವೇಗ, ವೇಗೋತ್ಕರ್ಷ ಅಂತ ಓದಿದ್ದನ್ನು ಮೊಮೆಂಟಮ್, ಆಕ್ಸಲರೇಷನ್ ಅಂತ ತಲೆಯಲ್ಲಿ ತಿರುಗಿಸಿಕೊಳ್ಳೋಕೆ ಫಸ್ಟ್ ಪಿಯು ಪೂರ್ತಿ ಹಿಡಿಯಿತು. ಜೆಇಇ ಮೇನ್ ಕನ್ನಡದಲ್ಲೂ ಬರೆಯಬಹುದು, ಇಂಗ್ಲಿಷ್ ಸೇರಿ 13 ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಬರುತ್ತದೆ. ಸೆಂಟರಿನಲ್ಲಿ ಇದನ್ನು ಯಾರೂ ಹೇಳಲೇ ಇಲ್ಲ, ಫಾರಂ ತುಂಬುವಾಗ ನಾನೇ ನೋಡಿದ್ದು. ಆದರೆ ಅಷ್ಟರಲ್ಲಿ ಪಿಯು ಇಂಗ್ಲಿಷಿನಲ್ಲೇ ಓದಿ ಒಂದೂವರೆ ವರ್ಷ ಆಗಿತ್ತು, ಕನ್ನಡಕ್ಕೆ ವಾಪಸ್ ಹೋಗುವ ಧೈರ್ಯ ಬರಲಿಲ್ಲ.

ಈಗ ಸ್ಟಡಿ ಮೆಟೀರಿಯಲ್. 19 ಮಾಡ್ಯೂಲ್. ತೂಕಕ್ಕೆ ಹಾಕಿದರೆ ಒಳ್ಳೆ ದುಡ್ಡು ಬರುತ್ತದೆ. ಸಮಸ್ಯೆ ಏನಪ್ಪಾ ಅಂದರೆ ಹಳೇ ಮುದ್ರಣ, ಕವರ್ ಮಾತ್ರ ಹೊಸದು. ಕೆಮಿಸ್ಟ್ರಿಯಲ್ಲಿ ಸಾಲಿಡ್ ಸ್ಟೇಟ್ ಪಾಠಕ್ಕೆ ಐದು ಕ್ಲಾಸ್ ತಗೊಂಡರು. ಆ ಪಾಠ ಎನ್‌ಸಿಇಆರ್‌ಟಿ ಪುಸ್ತಕದಿಂದ ಆಗಲೇ ಹೋಗಿತ್ತು. ಪಾಲಿಮರ್ಸ್, ಸರ್ಫೇಸ್ ಕೆಮಿಸ್ಟ್ರಿ ಕೂಡ ಹಾಗೇ ಹೋಗಿದ್ದವು. ನಮಗಿಂತ ಒಂದು ವರ್ಷ ಮುಂಚೆ, 2024ರ ಏಪ್ರಿಲ್ ಸಿಇಟಿಯಲ್ಲಿ ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆಗಳು ಬಂದು ಎಷ್ಟು ಗಲಾಟೆ ಆಯಿತು ಅಂತ ಎಲ್ಲರಿಗೂ ನೆನಪಿರಬೇಕು. ಕೊನೆಗೆ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಅಷ್ಟೆಲ್ಲ ಆದ ಮೇಲೂ ಈ ಸೆಂಟರಿನವರು ಸಿಲೆಬಸ್ ಪಟ್ಟಿಯನ್ನು ಮಾಡ್ಯೂಲಿನ ಪಕ್ಕ ಇಟ್ಟು ನೋಡಿಲ್ಲ ಅಂದರೆ ಏನು ಹೇಳೋದು.

ಮಾಕ್ ಟೆಸ್ಟಿನ ಕತೆಯೂ ಅದೇ. ಕೋವಿಡ್ ಸಮಯದಲ್ಲಿ ಜೆಇಇ ಮೇನ್‌ಗೆ ಒಂದು ಸಡಿಲಿಕೆ ಬಂದಿತ್ತು, ಉತ್ತರವನ್ನು ಅಂಕಿಯಲ್ಲೇ ಕೊಡಬೇಕಾದ ನ್ಯೂಮರಿಕಲ್ ಪ್ರಶ್ನೆಗಳಲ್ಲಿ ವಿಷಯಕ್ಕೆ 10ಕ್ಕೆ 5 ಬರೆದರೆ ಸಾಕು ಅಂತ. 2025ರ ಪರೀಕ್ಷೆಗೆ ಅದನ್ನು ತೆಗೆದರು, ವಿಷಯಕ್ಕೆ 5 ನ್ಯೂಮರಿಕಲ್, ಐದೂ ಕಡ್ಡಾಯ. ಇದು 2024ರ ಅಕ್ಟೋಬರಿನಲ್ಲೇ ಗೊತ್ತಾಗಿತ್ತು. ನಮಗೆ ಡಿಸೆಂಬರಿನಲ್ಲಿ ಕೊಟ್ಟ ಮಾಕ್‌ನಲ್ಲಿ ಇನ್ನೂ 90 ಪ್ರಶ್ನೆ. ಕೇಳಿದ್ದಕ್ಕೆ ‘ಜಾಸ್ತಿ ಪ್ರಾಕ್ಟೀಸ್ ಆದ್ರೆ ಒಳ್ಳೇದಲ್ವಾ’ ಅಂದರು. ಈ ಉತ್ತರಕ್ಕೆ ನಾನು ಸ್ಟಾರ್ ಕಿತ್ತುಕೊಂಡಿದ್ದೇನೆ.

ಭಾನುವಾರದ ಟೆಸ್ಟ್ ಮಾತ್ರ ಚೆನ್ನಾಗಿತ್ತು. ಪ್ರಶ್ನೆ ಹಳೆಯದಾದರೂ ಸರಿ, ಗಡಿಯಾರ ಇಟ್ಟು, ಒಎಂಆರ್ ಕೊಟ್ಟು, ಪಕ್ಕದವರ ಮುಖ ನೋಡದ ಹಾಗೆ ಕೂರಿಸುತ್ತಿದ್ದರು. ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತಪ್ಪು ತುಂಬಿದರೆ ಸೊನ್ನೆ ಹಾಕಿ ವಾಪಸ್ ಕೊಡುತ್ತಿದ್ದರು. ಎರಡು ಸಲ ಹಾಗೆ ಸೊನ್ನೆ ತಗೊಂಡ ನನ್ನ ಗೆಳತಿ ನಿಜವಾದ ಸಿಇಟಿಯಲ್ಲಿ ಕೋಡನ್ನು ನಾಲ್ಕು ಸಲ ನೋಡಿ ತುಂಬಿದಳಂತೆ. ಟೆಸ್ಟ್ ಮುಗಿಸಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಕೀ ಆನ್ಸರ್ ನೋಡುವುದು ಆ ವರ್ಷದ ಒಂದೇ ಖುಷಿ.

ಈಗ ಫಿಸಿಕ್ಸ್ ಸರ್ ವಿಷಯ. ನವೆಂಬರಿನಲ್ಲಿ ಮಧ್ಯವಾರ್ಷಿಕದ ಮಾರ್ಕ್ಸ್ ಬಂತು. ಗಣಿತ 58. ಎಸ್ಸೆಸ್ಸೆಲ್ಸಿಯಲ್ಲಿ 98 ತೆಗೆದವಳು ನಾನು. ಸೆಂಟರಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಸರ್ ನೋಡಿ ಒಳಗೆ ಕರೆದರು. ಸಮಾಧಾನ ಮಾಡಲಿಲ್ಲ, ಅದೇ ಒಳ್ಳೆಯದಾಯಿತು. ಒಂದು ಹಾಳೆ ಕೊಟ್ಟು, ಮುಂದಿನ ನಾಲ್ಕು ಭಾನುವಾರ ನಾಲ್ಕು ಪರೀಕ್ಷೆಯ ಹಳೇ ಪೇಪರ್ ಒಂದೊಂದಾಗಿ ಬರಿ, ಇದರಲ್ಲಿ ಮಾರ್ಕ್ಸ್ ತುಂಬಿಕೊಂಡು ಬಾ ಅಂದರು.

ತುಂಬಿದೆ. ಜೆಇಇ 300ಕ್ಕೆ 61. ಸಿಇಟಿ ಪಿಸಿಎಂ 180ಕ್ಕೆ 94. ಕಾಮೆಡ್-ಕೆ 180ಕ್ಕೆ 71. ನೀಟ್ 720ಕ್ಕೆ 290.

ಸರ್ ಆ ಹಾಳೆ ನೋಡಲೇ ಇಲ್ಲ, ಮಡಿಚಿಟ್ಟು, ‘ಸೀಟು ಎಲ್ಲಿ ಬೇಕಮ್ಮ ನಿಂಗೆ?’ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಐದು ತಿಂಗಳಿಂದ ಪರೀಕ್ಷೆಗೆ ಓದುತ್ತಿದ್ದೆ, ಸೀಟು ಎಲ್ಲಿ ಅಂತ ಯಾರೂ ಕೇಳಿರಲಿಲ್ಲ! ಮನೆಗೆ ಫೋನ್ ಮಾಡಿದೆ. ಅಪ್ಪಾಜಿ ಅಂದಿದ್ದು: ‘ರಾಜ್ಯ ಬಿಟ್ಟು ಬೇಡ. ದಾವಣಗೆರೆ, ಶಿವಮೊಗ್ಗ, ಜಾಸ್ತಿ ಅಂದ್ರೆ ಬೆಂಗಳೂರು. ಯಾವ್ದಾದ್ರೂ ಒಂದನ್ನ ಹಿಡ್ಕಳವ್ವ, ನಾಕನ್ನೂ ಹಿಡೀಬ್ಯಾಡ.’ ಡಾಕ್ಟರ್ ಆಗುವ ಆಸೆ ನನಗೆ ಮೊದಲಿಂದಲೂ ಇರಲಿಲ್ಲ, ಅದು ಅಜ್ಜಿಯ ಆಸೆ. ಹಾಗಾಗಿ ನೀಟ್ ಅವತ್ತೇ ಬಿತ್ತು.

ಇಂಜಿನಿಯರಿಂಗ್, ಕರ್ನಾಟಕದೊಳಗೆ, ಸರ್ಕಾರಿ ಕೋಟಾದ ಫೀಸಿನಲ್ಲಿ. ಇಷ್ಟು ಬೇಕಾದರೆ ದಾರಿ ಸಿಇಟಿ ಒಂದೇ. ಬೆಂಗಳೂರಿನ ದೊಡ್ಡ ಖಾಸಗಿ ಕಾಲೇಜುಗಳಲ್ಲೂ ಸರ್ಕಾರಿ ಕೋಟಾದ ಸೀಟು ಹಂಚುವುದು ಸಿಇಟಿ ರ‍್ಯಾಂಕಿನ ಮೇಲೆ, ಅಲ್ಲಿ ಜೆಇಇ ಪರ್ಸೆಂಟೈಲ್ (ಬರೆದ ನೂರರಲ್ಲಿ ಎಷ್ಟು ಜನರಿಗಿಂತ ಮುಂದಿದ್ದೇವೆ ಅನ್ನುವ ಲೆಕ್ಕ) ಹಿಡಿದುಕೊಂಡು ಹೋದರೆ ಯಾರೂ ಕೇಳಲ್ಲ. ಇದು ತಿಳಿದವರಿಗೆ ಏನೂ ಅಲ್ಲ ಅನ್ನಿಸಬಹುದು. ನಮ್ಮ ಬ್ಯಾಚಿನ 60 ಜನರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಅವರ ಮನೆಯವರಿಗಂತೂ ಇಲ್ಲವೇ ಇಲ್ಲ.

ಆಮೇಲೆ ಸರ್ ಬೋರ್ಡಿನ ಲೆಕ್ಕ ಹಾಕಿಸಿದರು. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯು ಪಿಸಿಎಂ ಮಾರ್ಕ್ಸ್. 50:50. (ಕೋವಿಡ್‌ನಿಂದ ಬೋರ್ಡ್ ಪರೀಕ್ಷೆ ನಡೆಯದ 2021ರಲ್ಲಿ ಮಾತ್ರ ಬರೀ ಸಿಇಟಿ ಮೇಲೆ ರ‍್ಯಾಂಕ್ ಕೊಟ್ಟಿದ್ದರು.) ಸಿಇಟಿ 180ಕ್ಕೆ, ಪಿಯು 300ಕ್ಕೆ. ಎರಡನ್ನೂ ನೂರಕ್ಕೆ ತಂದು ಅರ್ಧ ಮಾಡಿದರೆ, ಸಿಇಟಿಯ 3 ಮಾರ್ಕ್ಸ್ ಬೋರ್ಡಿನ 5 ಮಾರ್ಕ್ಸಿಗೆ ಸಮ. ‘ಈಗ ಹೇಳು, ನಿನಗೆ ಯಾವುದು ಸುಲಭ? ಸಿಇಟಿಯಲ್ಲಿ ಇನ್ನು 3 ಪ್ರಶ್ನೆನಾ, ಬೋರ್ಡಿನಲ್ಲಿ 5 ಮಾರ್ಕ್ಸಾ?’ ಗಣಿತದಲ್ಲಿ 58 ತೆಗೆದು ಕೂತವಳಿಗೆ ಯಾವುದು ಸುಲಭ ಅಂತ ಕೇಳಬೇಕಾ? 58ನ್ನು 88 ಮಾಡಿದರೆ ಸಿಇಟಿಯ 18 ಮಾರ್ಕ್ಸಿಗೆ ಸಮ. ಹದಿನೆಂಟು!

‘ಬೋರ್ಡ್ ಲೆಕ್ಕಕ್ಕೇ ಇಲ್ಲ’ ಅಂದಿದ್ದರಲ್ಲ, ನನ್ನ ಮಟ್ಟಿಗೆ ಅದೇ ಅರ್ಧ ಲೆಕ್ಕ ಆಗಿತ್ತು.

ಇದೆಲ್ಲ ಗೊತ್ತಾದ ಮೇಲೆ ಆಫೀಸಿಗೆ ಹೋಗಿ, ನನ್ನನ್ನು ಬೋರ್ಡ್ ಮತ್ತು ಸಿಇಟಿ ಬ್ಯಾಚಿಗೆ ಹಾಕಿ, ಎರಡನೇ ಕಂತಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಅಂತ ಕೇಳಿದೆ. ಅಂಥ ಬ್ಯಾಚೇ ಇಲ್ಲವಂತೆ. ‘ಪ್ಯಾಕೇಜ್ ಅಂದ್ರೆ ಪ್ಯಾಕೇಜ್ ಅಮ್ಮ. ಊಟ ಬೇಡ, ಬರೀ ಹಪ್ಪಳ ಕೊಡಿ ಅಂದ್ರೆ ಆಗುತ್ತಾ?’ ಎರಡನೇ ಕಂತು ಪೂರ್ತಿ ಕಟ್ಟಿಸಿಕೊಂಡರು. ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ದುಡ್ಡು ವಾಪಸ್ ಇಲ್ಲ ಅಂತ ಮೊದಲೇ ಮುದ್ರಿಸಿದ್ದರು, ನಾವು ಓದಿರಲಿಲ್ಲ, ಅದು ನಮ್ಮ ತಪ್ಪು. ನೀವು ಓದಿ.

ಡಿಸೆಂಬರಿನಿಂದ ವಾರಕ್ಕೆ ಮೂರು ದಿನ ಜೆಇಇ ಕ್ಲಾಸಿಗೆ ಹೋಗುವುದು ಬಿಟ್ಟೆ. ಆ ಮೂರು ದಿನ ಸಂಜೆ ಪಿಜಿಯಲ್ಲಿ ಕೂತು ಪಠ್ಯಪುಸ್ತಕ ಮೊದಲಿಂದ ಓದಿದೆ, ಸಾಲು ಸಾಲು. ಸೆಂಟರಿನವರು ಅಪ್ಪಾಜಿಗೆ ಫೋನ್ ಮಾಡಿ ‘ನಿಮ್ಮ ಮಗಳು ಕ್ಲಾಸ್ ತಪ್ಪಿಸ್ತಾ ಇದ್ದಾಳೆ’ ಅಂತ ದೂರು ಹೇಳಿದರು. ದುಡ್ಡು ವಾಪಸ್ ಕೇಳಿದಾಗ ಎತ್ತದ ಫೋನು ಆವತ್ತು ತಾನಾಗೇ ಬಂದಿತ್ತು.

ಜೆಇಇಗೆ ನವೆಂಬರಿನಲ್ಲೇ ಫಾರಂ ತುಂಬಿಬಿಟ್ಟಿದ್ದರಿಂದ ಜನವರಿ ಸೆಷನ್ ಬರೆದೆ. ನನಗೆ ಬಂದ ಸೆಂಟರ್ ಶಿವಮೊಗ್ಗ. ಕಾಲೇಜಿನಲ್ಲಿ ಪ್ರಿಪರೇಟರಿ, ಪ್ರಾಕ್ಟಿಕಲ್ ಎರಡರ ಗದ್ದಲವೂ ಅದೇ ಸಮಯದಲ್ಲಿ. ಹಿಂದಿನ ದಿನ ಹೋಗಿ, ನೆಂಟರ ಮನೆಯಲ್ಲಿ ಉಳಿದು, ಬರೆದು, ಬಸ್ಸಿನಲ್ಲಿ ತೂಕಡಿಸುತ್ತಾ ವಾಪಸ್ ಬರುವಷ್ಟರಲ್ಲಿ ಎರಡು ದಿನ ಹೋಯಿತು. ಬಂದಿದ್ದು 78 ಪರ್ಸೆಂಟೈಲ್. ಏಪ್ರಿಲ್ ಸೆಷನ್ ಬರೆಯಲಿಲ್ಲ. ಅದು ಏಪ್ರಿಲ್ 2ರಿಂದ ಇತ್ತು, ನಮ್ಮ ಪಿಯು ಪರೀಕ್ಷೆ ಮುಗಿದದ್ದು ಮಾರ್ಚ್ 20ಕ್ಕೆ, ಸಿಇಟಿ ಏಪ್ರಿಲ್ 16, 17ಕ್ಕೆ. ನಡುವೆ ಸಿಗುವುದೇ ನಾಲ್ಕು ವಾರಕ್ಕೂ ಕಡಿಮೆ. ಆ ನಾಲ್ಕು ವಾರದಲ್ಲಿ ಜೆಇಇಗೆ ಒಂದೆರಡು ವಾರ ಕೊಟ್ಟು, ಮತ್ತೆ 80 ಸೆಕೆಂಡಿನ ಲಯಕ್ಕೆ ಬರುತ್ತೇನೆ ಅಂದುಕೊಳ್ಳುವುದು ನನ್ನಂಥವರಿಗೆ ಆಗುವ ಮಾತಲ್ಲ.

ಹಾಗಂತ ಜೆಇಇ ದಂಡ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ನಮ್ಮ ಪಿಜಿಯಲ್ಲೇ ಒಬ್ಬಳಿದ್ದಳು, ಪಿಸಿಎಂಸಿ (ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್), ಫಸ್ಟ್ ಪಿಯುನಿಂದಲೇ ಸುರತ್ಕಲ್ ಎನ್ಐಟಿ ಅಂತ ಗೋಡೆ ಮೇಲೆ ಬರೆದು ಅಂಟಿಸಿಕೊಂಡಿದ್ದಳು. ಎನ್ಐಟಿಯಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ, ಹಾಗಾಗಿ ಕರ್ನಾಟಕದವರಿಗೆ ಸುರತ್ಕಲ್ ಅಂದರೆ ಅಷ್ಟು ಆಸೆ. ಧಾರವಾಡದ ಐಐಐಟಿಗೂ ದಾರಿ ಜೆಇಇ ಮೇನ್, ಐಐಟಿಗೆ ಹೋಗಬೇಕಾದರೆ ಮೇನ್ ದಾಟಿ ಅಡ್ವಾನ್ಸ್ಡ್ ಬರೆಯಬೇಕು. ಅವಳಿಗೆ ಜೆಇಇ ಮುಖ್ಯ, ಸಿಇಟಿ ಎರಡನೇದು. ಅವಳ ಹಾಳೆಯಲ್ಲಿ ನವೆಂಬರಿನಲ್ಲೇ 300ಕ್ಕೆ 160ರ ಮೇಲಿತ್ತು. ಅಂಥವರಿಗೆ ನನ್ನ ಲೆಕ್ಕ ಹೇಳಿದರೆ ತಪ್ಪಾಗುತ್ತದೆ. ಆದರೂ ಒಂದು, ಎನ್ಐಟಿ ಸೀಟಿಗೆ ಪಿಯುನಲ್ಲಿ 75 ಪರ್ಸೆಂಟ್ ಇರಬೇಕು, ಇಲ್ಲವೇ ನಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಎಸ್‌ಸಿ, ಎಸ್‌ಟಿಯವರಿಗೆ 65. ಬೋರ್ಡ್ ಅಲ್ಲೂ ಬಿಡುವುದಿಲ್ಲ.

ಕಾಮೆಡ್-ಕೆ ಬಗ್ಗೆ ಸೆಂಟರಿನವರು ಅದೇನೋ ಉಡುಗೊರೆ ಅನ್ನುವ ಹಾಗೆ ‘ಫ್ರೀ’ ಅಂದಿದ್ದರಲ್ಲ. ನಿಜಕ್ಕೂ ಫ್ರೀಯೇ, ಯಾಕೆಂದರೆ ಏನೂ ಹೇಳಿಕೊಡಲಿಲ್ಲ. ಆದರೆ ಆ ಪರೀಕ್ಷೆ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯವಿದೆ. ಅದರ ರ‍್ಯಾಂಕಿಗೆ ಪಿಯು ಮಾರ್ಕ್ಸ್ ಸೇರಿಸುವುದಿಲ್ಲ, ಹಾಗಾಗಿ ಬೋರ್ಡ್ ಕೈಕೊಟ್ಟವರಿಗೆ ಒಂದು ದಾರಿ. ಸಿಇಟಿಗೆ ಓದಿದ್ದೇ ಸಾಕು, ವೇಗ ಮಾತ್ರ ಇನ್ನೂ ಬೇಕು. ನಮಗೆ ಮೇ 10ಕ್ಕೆ ಇತ್ತು, ಸಿಇಟಿ ಆಗಿ ಮೂರು ವಾರ ಸಿಕ್ಕಿತು. ನಾನು ಮಾಡಿದ್ದು ಇಷ್ಟೇ, ಹತ್ತು ದಿನ ಸೈಬರ್ ಸೆಂಟರಿನಲ್ಲಿ ದಿನಕ್ಕೊಂದು ಮಾಕ್. ಪೆನ್ನಿನಿಂದ ಮೌಸಿಗೆ ಕೈ ಹೊಂದಿಕೊಳ್ಳೋಕೆ ಮೂರು ದಿನ ಬೇಕಾಯಿತು, ಮೊದಲ ದಿನ ಒಂದು ಪ್ರಶ್ನೆಗೆ ಎರಡು ಸಲ ಕ್ಲಿಕ್ ಮಾಡಿ ಗಾಬರಿಯಾಗಿದ್ದೆ. ತೊಂದರೆ ಇರುವುದು ಫೀಸಿನಲ್ಲಿ. ಅದೇ ಕಾಲೇಜು, ಅದೇ ಬೆಂಚು, ಆದರೆ ಕಾಮೆಡ್-ಕೆ ಸೀಟಿನ ಫೀಸು ಸಿಇಟಿ ಸೀಟಿಗಿಂತ ಎರಡು ಪಟ್ಟಿಗೂ ಜಾಸ್ತಿ ಇರುತ್ತದೆ. ಅದನ್ನು ಮನೆಯಲ್ಲಿ ಮೊದಲೇ ಕೂತು ಮಾತಾಡಿ, ರ‍್ಯಾಂಕ್ ಬಂದ ಮೇಲೆ ಅಲ್ಲ.

ಪ್ಯಾಕೇಜಿನಲ್ಲಿ ‘ಕೌನ್ಸೆಲಿಂಗ್ ಸಪೋರ್ಟ್’, ಅಂದರೆ ಸೀಟು ಹಂಚಿಕೆಯ ಸಮಯದ ಸಹಾಯ, ಅಂತಲೂ ಇತ್ತು. ಅದು ಒಂದು ವಾಟ್ಸಾಪ್ ಗ್ರೂಪ್. ಅದರಲ್ಲಿ ಗುಡ್ ಮಾರ್ನಿಂಗ್ ಸಂದೇಶ, ಮುಂದಿನ ವರ್ಷದ ಅಡ್ಮಿಷನ್ ಜಾಹೀರಾತು. ಸಿಇಟಿ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು ಅನ್ನುವುದನ್ನೂ ಅಲ್ಲಿ ಹೇಳಲಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಪರ್ಸೆಂಟ್ ಇದೆ ಅಂತ ನನಗೆ ಹೇಳಿದವರು ನಮ್ಮೂರಿನ ಹೈಸ್ಕೂಲಿನ ಹೆಡ್ ಮೇಷ್ಟ್ರು. ಹಬ್ಬಕ್ಕೆ ಊರಿಗೆ ಹೋದಾಗ ದಾರಿಯಲ್ಲಿ ನಿಲ್ಲಿಸಿ ‘ಎಲ್ಲಾ ದಾಖಲೆ ಸರಿ ಇಟ್ಕೊಂಡಿದೀಯೇನಮ್ಮ’ ಅಂತ ಕೇಳಿದರು. 74 ಸಾವಿರ ತಗೊಂಡವರು ಕೇಳದಿದ್ದನ್ನು ಅವರು ಬಸ್ ಸ್ಟ್ಯಾಂಡಿನಲ್ಲಿ ಪುಕ್ಕಟೆ ಕೇಳಿದರು. ಕಲ್ಯಾಣ ಕರ್ನಾಟಕದ ಕಡೆಯವರಾದರೆ ಆ ಭಾಗದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಿ.

ಫಲಿತಾಂಶ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದೆಲ್ಲ ಬಾಯಿಮಾತು ಅನ್ನಿಸುತ್ತದೆ. ಪಿಯು ಪಿಸಿಎಂ 300ಕ್ಕೆ 271. ಸಿಇಟಿ 180ಕ್ಕೆ 108. ಅಂದರೆ 90.33 ಮತ್ತು 60, ಸರಾಸರಿ 75.17. ನಮ್ಮ ಬ್ಯಾಚಿನಲ್ಲೇ ನನಗಿಂತ ಎಷ್ಟೋ ಚುರುಕಾದ ಹುಡುಗನೊಬ್ಬ ಇದ್ದ. ಕೊನೆವರೆಗೂ ಜೆಇಇ ಒಂದನ್ನೇ ಹಿಡಿದ, ರೆಕಾರ್ಡ್ ಕೂಡ ಬೇರೆಯವರ ಕೈಲಿ ಬರೆಸಿದ. ಅವನಿಗೆ ಸಿಇಟಿಯಲ್ಲಿ 124, ನನಗಿಂತ 16 ಜಾಸ್ತಿ. ಬೋರ್ಡಿನಲ್ಲಿ 219. ಸರಾಸರಿ 70.94. ನಾಲ್ಕು ಅಂಕದ ಮೇಲೆ ಹಿಂದೆ ಬಿದ್ದ. ಸಿಇಟಿಯಲ್ಲಿ ಪಾಯಿಂಟ್ ಲೆಕ್ಕದಲ್ಲೇ ನೂರಾರು ರ‍್ಯಾಂಕ್ ಆಚೀಚೆ ಆಗುತ್ತದೆ, ನಾಲ್ಕು ಅಂದರೆ ಊಹಿಸಿಕೊಳ್ಳಿ. ಅವನ ಜೆಇಇ ಕೂಡ ಎನ್ಐಟಿ ಮುಟ್ಟಲಿಲ್ಲ. ಕೀ ಆನ್ಸರ್ ಬಂದ ದಿನ ಅವನೇ ನನಗೆ ಮಂಡಕ್ಕಿ ಕೊಡಿಸಿದ್ದ, ಮಾರ್ಕ್ಸ್ ಜಾಸ್ತಿ ಬಂತು ಅಂತ. ರ‍್ಯಾಂಕ್ ಪಟ್ಟಿ ಬಂದ ದಿನ ಇಬ್ಬರಿಗೂ ಏನು ಮಾತಾಡಬೇಕು ಅಂತ ತಿಳಿಯಲಿಲ್ಲ.

ನನಗೆ ಸರ್ಕಾರಿ ಕೋಟಾದಲ್ಲಿ ಶಿವಮೊಗ್ಗದಲ್ಲಿ ಸೀಟು ಸಿಕ್ಕಿತು, ಎಲೆಕ್ಟ್ರಾನಿಕ್ಸ್. ಮೊದಲ ಸುತ್ತಿನಲ್ಲಿ ಬೇರೆ ಬ್ರಾಂಚ್ ಬಂದಿತ್ತು, ಸೀಟು ಕೈಲಿ ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದಾದ ಚಾಯ್ಸ್ 2 ಒತ್ತಿ ಕಾದೆ, ಮುಂದಿನ ಸುತ್ತಿನಲ್ಲಿ ಬಂತು.

ಈಗ ನೀವು ಕೇಳಬಹುದು, ಸೆಂಟರ್ ಇಲ್ಲದೇ ಆಗುತ್ತಿರಲಿಲ್ವಾ ಅಂತ. ಮುಕ್ಕಾಲು ಭಾಗ ಆಗುತ್ತಿತ್ತು. ಸಿಇಟಿಯ ಹಳೇ ಪ್ರಶ್ನೆಪತ್ರಿಕೆಗಳು ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಇವೆ. ಜೆಇಇಗೆ ಅದನ್ನು ನಡೆಸುವ ಎನ್‌ಟಿಎ ತಾನೇ ಉಚಿತ ಮಾಕ್ ಕೊಡುತ್ತದೆ, ಕಂಪ್ಯೂಟರ್ ಪರದೆ ಹೇಗಿರುತ್ತೆ ಅಂತ ನೋಡೋಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಐಐಟಿ ಕಾನ್ಪುರದವರ ‘ಸಾಥಿ’ಯಲ್ಲಿ ಪಾಠ, ಟೆಸ್ಟ್ ಎರಡೂ ಪುಕ್ಕಟೆ. ಇವು ಯಾವುದರಲ್ಲೂ ಇಲ್ಲದಿದ್ದದ್ದು ಎರಡೇ: ಭಾನುವಾರ ಬೆಳಿಗ್ಗೆ ಎಬ್ಬಿಸಿ ಕೂರಿಸುವವರು, ಮತ್ತೆ ‘ಸೀಟು ಎಲ್ಲಿ ಬೇಕು’ ಅಂತ ಕೇಳಿದ ಸರ್. ಅವರು ಈಗ ಆ ಸೆಂಟರಿನಲ್ಲಿ ಇಲ್ಲ, ಬಿಟ್ಟರಂತೆ. ಹಾಗಾಗಿ ಇವತ್ತಿನ ಲೆಕ್ಕದಲ್ಲಿ ನನ್ನ ಎರಡೂವರೆ ಸ್ಟಾರ್ ಬರೀ ಅರ್ಧ ಸ್ಟಾರಿಗೆ ಇಳಿಯಬೇಕು.

ತಮ್ಮ ಈಗ ಸೆಕೆಂಡ್ ಪಿಯು. ಅದೇ ಸೆಂಟರಿನಿಂದ ಮತ್ತೆ ಫೋನ್ ಬಂತು, ಅಣ್ಣ ತಮ್ಮ ಅಕ್ಕ ತಂಗಿ ಇದ್ದರೆ ರಿಯಾಯಿತಿಯಂತೆ. ಈ ಸಲ ಅಪ್ಪಾಜಿ ತಾವೇ ಮಾತಾಡಿದರು. ಬರೀ ಭಾನುವಾರದ ಟೆಸ್ಟಿಗೆ ಎಷ್ಟು ಅಂತ ಕೇಳಿದರು. ಹಾಗೆಲ್ಲ ಬಿಡಿಬಿಡಿಯಾಗಿ ಕೊಡಲ್ಲ ಅಂದರು. ಆಯ್ತು ಬಿಡಿ ಅಂತ ಫೋನ್ ಇಟ್ಟರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ 6 ಸಾವಿರ ಅಂದರು, ಅಡಿಕೆ ವ್ಯಾಪಾರ ಮಾಡಿದವರ ಹತ್ತಿರ ಅದು 4,500ಕ್ಕೆ ಇಳಿಯಿತು. ಅಷ್ಟಕ್ಕೆ ಸೇರಿಸಿದ್ದೇವೆ. ತಮ್ಮನ ಹಾಳೆಯಲ್ಲಿ ಮಾರ್ಕ್ಸ್ ತುಂಬುವ ಮೊದಲೇ ಮೇಲ್ಗಡೆ ‘ಸೀಟು ಎಲ್ಲಿ?’ ಅಂತ ನಾನೇ ಬರೆದುಕೊಟ್ಟಿದ್ದೇನೆ. ಅವನು ಇನ್ನೂ ಖಾಲಿ ಬಿಟ್ಟಿದ್ದಾನೆ, ಜೂನ್ ಅಲ್ವಾ, ನವೆಂಬರ್‌ವರೆಗೆ ಟೈಮ್ ಕೊಟ್ಟಿದ್ದೇನೆ.

ಆ 19 ಮಾಡ್ಯೂಲು ಅಟ್ಟದ ಮೇಲಿವೆ. ದಾವಣಗೆರೆ, ಚನ್ನಗಿರಿ ಕಡೆಯವರು ಯಾರಿಗಾದರೂ ಬೇಕಾದರೆ ತಗೊಂಡು ಹೋಗಬಹುದು, ದುಡ್ಡು ಬೇಡ. ಸಾಲಿಡ್ ಸ್ಟೇಟ್ ಓದಬೇಡಿ. ಫಿಸಿಕ್ಸಿನ ನಾಲ್ಕು ಮಾತ್ರ ಕೊಡುವುದಿಲ್ಲ, ಅದರ ಅಂಚಿನಲ್ಲೆಲ್ಲ ಸರ್ ಬರೆದ ಲೆಕ್ಕಗಳಿವೆ, ತಮ್ಮ ಆಗಲೇ ಅದರ ಮೇಲೆ ತನ್ನ ಹೆಸರು ಬರೆದುಕೊಂಡಿದ್ದಾನೆ.